ಮಾರ್ಕ್ಸ್ ಕಾರ್ಡಿನ ಒಂದು ಫೋಟೋ ಎಲ್ಲೆಲ್ಲಿಗೆ ಹೋಗುತ್ತದೆ?

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಕೈಗೆ ಬಂದ ದಿನ ನಮ್ಮ ಅಕ್ಕನ ಮಗಳು ಮೊದಲು ಅದರ ಫೋಟೋ ತೆಗೆದಳು. ಆಮೇಲೆ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದಳು. ದೇವರ ಮುಂದೆ ಇಟ್ಟಿದ್ದು ಮೂರನೆಯದು. ಊಟದ ಹೊತ್ತಿಗೆ ನೂರೆಂಬತ್ತು ಜನ ನೋಡಿ ಆಗಿತ್ತು. "ಯಾರಮ್ಮಾ ಇಷ್ಟೊಂದು ಜನ?" ಅಂದೆ. ಪಟ್ಟಿ ತೆಗೆದು ತೋರಿಸಿದಳು. ಕ್ಲಾಸಿನವರು, ಟ್ಯೂಷನ್ ಮೇಷ್ಟ್ರು, ಸ್ಕೂಲ್ ವ್ಯಾನಿನ ಡ್ರೈವರ್, ಹಳೇ ಬಾಡಿಗೆ ಮನೆಯ ಓನರ್, ಝೆರಾಕ್ಸ್ ಅಂಗಡಿಯವನು. "ಸುಮ್ನೆ ನೋಡಿರ್ತಾರೆ ಬಿಡಿ ಮಾಮ" ಅಂದಳು.

ಸುಮ್ನೆ ನೋಡಿದ್ದೇ ಇರಬಹುದು. ಆದರೆ ಆ ಒಂದು ಫೋಟೋದಲ್ಲಿ ಅವಳ ಪೂರ್ತಿ ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ದಿನ, ಶಾಲೆ, ರಿಜಿಸ್ಟರ್ ನಂಬರ್ ಎಲ್ಲಾ ಇತ್ತು. ಅಂಕ ತೋರಿಸಲು ಹೋಗಿ ಅಂಕ ಬಿಟ್ಟು ಉಳಿದದ್ದನ್ನೂ ತೋರಿಸಿದ್ದಳು.

ಈ ವಿಷಯ ಈಗ ಮನೆಮನೆಯ ಮಾತಾಗಿದೆ. 2025ರ ನವೆಂಬರ್‌ನಲ್ಲಿ ನಮ್ಮ ದೇಶದ ಡೇಟಾ ರಕ್ಷಣೆ ನಿಯಮಗಳು ಹೊರಬಂದವು. ಅದಾದ ಮುಂದಿನ ತಿಂಗಳೇ, ಡಿಸೆಂಬರ್ 10ರಂದು, ಆಸ್ಟ್ರೇಲಿಯಾದಲ್ಲಿ 16 ತುಂಬದವರು ದೊಡ್ಡ ಜಾಲತಾಣಗಳಲ್ಲಿ ಅಕೌಂಟ್ ಇಟ್ಟುಕೊಳ್ಳುವಂತಿಲ್ಲ ಎಂಬ ಕಾನೂನು ಜಾರಿಗೆ ಬಂತು. ಮಕ್ಕಳಿಗೆ ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಅಪ್ಪ ಅಮ್ಮಂದಿರು ಕೇಳುತ್ತಿದ್ದಾರೆ. "ಫೋನ್ ಮುಟ್ಟಬೇಡ" ಅನ್ನುವುದು ಸುಲಭ. ಆದರೆ ಹಾಗಂದರೆ ಮಗು ಕಲಿಯುವುದು ಫೋನನ್ನು ದಿಂಬಿನ ಕೆಳಗೆ ಇಡುವುದನ್ನು ಮಾತ್ರ. ಒಳಗೆ ಏನು ನಡೆಯುತ್ತದೆ ಎಂದು ಗೊತ್ತಾದರೆ ಮಕ್ಕಳು ತಾವೇ ಯೋಚಿಸುತ್ತಾರೆ. ಅದಕ್ಕೆ ಮೊದಲು ನಮಗೆ ಗೊತ್ತಿರಬೇಕು, ಅಲ್ವಾ?

ಖಾಸಗಿ ಅಂದರೆ ಗುಟ್ಟು ಅಲ್ಲ

"ನಾನೇನು ತಪ್ಪು ಮಾಡಿದ್ದೀನಾ, ಮುಚ್ಚಿಡೋಕೆ?" ಮಕ್ಕಳು ಕೇಳುವ ಮೊದಲ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ.

ಹಳೇ ಮನೆಗಳನ್ನು ನೆನಪಿಸಿಕೊಳ್ಳಿ. ಪೋಸ್ಟ್‌ಮ್ಯಾನ್ ಜಗಲಿಯವರೆಗೆ ಬರುತ್ತಿದ್ದ. ನೆಂಟರು ನಡುಮನೆಗೆ ಬರುತ್ತಿದ್ದರು. ಅಡುಗೆಮನೆಗೆ ಹತ್ತಿರದವರು ಮಾತ್ರ. ಅಡುಗೆಮನೆಯಲ್ಲಿ ಕಳ್ಳತನವೇನೂ ನಡೆಯುತ್ತಿರಲಿಲ್ಲ. ಯಾರು ಎಲ್ಲಿಯವರೆಗೆ ಬರಬೇಕು ಎನ್ನುವುದು ಮನೆಯವರ ಇಷ್ಟ, ಅಷ್ಟೇ. ಖಾಸಗಿತನ ಅಂದರೆ ಅದೇ. ನನ್ನ ಬಗ್ಗೆ ಯಾರಿಗೆ ಎಷ್ಟು ಗೊತ್ತಾಗಬೇಕು ಎಂದು ನಾನು ತೀರ್ಮಾನ ಮಾಡುವುದು. ಜಾಲತಾಣದಲ್ಲಿ ತೊಂದರೆ ಎಲ್ಲಿ ಅಂದರೆ, ಅಲ್ಲಿ ಜಗಲಿ, ನಡುಮನೆ, ಅಡುಗೆಮನೆಗೆ ಗೋಡೆಯೇ ಕಾಣುವುದಿಲ್ಲ. ಎಲ್ಲಾ ಒಂದೇ ಸ್ಕ್ರೀನ್.

ಇದು ನಮ್ಮ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಆಗಸ್ಟ್ 24ರಂದು. ಒಂಬತ್ತು ನ್ಯಾಯಮೂರ್ತಿಗಳ ಪೀಠದ ಒಮ್ಮತದ ತೀರ್ಪು ಅದು. ಆ ಕೇಸಿಗೆ ಹೆಸರು ಕೊಟ್ಟ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ಕೋರ್ಟಿಗೆ ಹೋದಾಗ ವಯಸ್ಸು ಎಂಬತ್ತು ದಾಟಿತ್ತು. ಖಾಸಗಿತನ ಈಗಿನ ಹುಡುಗರ ಶೋಕಿ ಅನ್ನುವವರಿಗೆ ಈ ಸಂಗತಿ ಹೇಳಿ ನೋಡಿ.

ಚೂರುಗಳು ಒಟ್ಟಾದಾಗ

ಒಂದೊಂದೇ ಮಾಹಿತಿ ನೋಡಿದರೆ ಏನೂ ಅನ್ನಿಸುವುದಿಲ್ಲ. ಹುಟ್ಟಿದ ದಿನ ಕ್ಲಾಸಿಗೆಲ್ಲಾ ಗೊತ್ತು. ಅಪ್ಪನ ಹೆಸರು ಬೀದಿಗೆಲ್ಲಾ ಗೊತ್ತು. ಅಪಾಯ ಇರುವುದು ಅವು ಸೇರಿದಾಗ.

ಹೀಗೆ ಒಂದು ಫೋನ್ ಬಂತು ಅಂದುಕೊಳ್ಳಿ. "ನಮಸ್ಕಾರ ಸಾರ್, ಸ್ಕಾಲರ್‌ಶಿಪ್ ವಿಭಾಗದಿಂದ ಮಾತಾಡ್ತಿದ್ದೀನಿ. ನಿಮ್ಮ ಮಗಳು ಇಂಥಾ ಶಾಲೆ ಅಲ್ವಾ? ರಿಜಿಸ್ಟರ್ ನಂಬರ್ ಇಷ್ಟು, ಹುಟ್ಟಿದ ದಿನ ಇಂಥದ್ದು, ಸರಿ ಇದೆಯಾ?" ಎಲ್ಲಾ ಸರಿ ಇದೆ. "ಅಕೌಂಟ್‌ಗೆ ದುಡ್ಡು ಹಾಕಬೇಕು, ಒಂದು ಓಟಿಪಿ ಬಂದಿರುತ್ತೆ, ಹೇಳಿ ಸಾರ್." ಯಾರಾದರೂ ಬೇರೆ ದಿನ ಕೇಳಿದ್ದರೆ ಫೋನ್ ಇಡುತ್ತಿದ್ದ ಅಪ್ಪ ಈಗ ಓಟಿಪಿ ಹೇಳಿಬಿಡುತ್ತಾನೆ. ಯಾಕೆಂದರೆ ಮೊದಲ ಮೂರು ಮಾತು ನಿಜ. ವಂಚಕರಿಗೆ ಬೇಕಾಗಿರುವುದು ನಮ್ಮ ಗುಟ್ಟಲ್ಲ, ನಮ್ಮ ನಂಬಿಕೆ. ಅದನ್ನು ಗಳಿಸುವುದಕ್ಕೆ ಇಂಥ ಚಿಲ್ಲರೆ ಮಾಹಿತಿ ಸಾಕು. ಇನ್ನು ಹುಟ್ಟಿದ ದಿನವನ್ನೇ ಪಾಸ್‌ವರ್ಡ್ ಮಾಡಿಕೊಂಡವರ ಕಥೆ ಬೇರೆ ಹೇಳಬೇಕಿಲ್ಲ.

ಫೋಟೋದ ಹಿನ್ನೆಲೆಯೂ ಮಾತಾಡುತ್ತದೆ. ಯೂನಿಫಾರ್ಮಿನ ಬ್ಯಾಡ್ಜ್, ಗೇಟಿನ ಮೇಲಿನ ಮನೆ ನಂಬರ್, ಬೈಕಿನ ನಂಬರ್ ಪ್ಲೇಟ್, ಹಿಂದಿನ ಅಂಗಡಿಯ ಬೋರ್ಡ್. ದಿನಾ ಸಂಜೆ ಐದೂವರೆಗೆ ಅದೇ ಪಾನಿಪುರಿ ಗಾಡಿ ಮುಂದೆ ಸೆಲ್ಫಿ ಹಾಕುವ ಹುಡುಗಿ ತನ್ನ ಟೈಮ್‌ಟೇಬಲ್ಲನ್ನೇ ಹಾಕಿದ ಹಾಗೆ.

ಕಣ್ಣಿಗೆ ಕಾಣದ್ದೂ ಒಂದಿದೆ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ, ಫೋಟೋ ತೆಗೆದ ಜಾಗ ಮತ್ತು ಸಮಯ ಆ ಫೈಲಿನ ಒಳಗೇ ಬರೆದಿರುತ್ತದೆ, ಪಾರ್ಸೆಲ್ ಹಿಂದೆ ಅಂಟಿಸಿದ ಚೀಟಿಯ ಹಾಗೆ. ವಾಟ್ಸಾಪ್‌ನಲ್ಲಿ ಮಾಮೂಲಾಗಿ ಫೋಟೋ ಕಳಿಸಿದರೆ ಆ ಚೀಟಿ ಕಿತ್ತುಹೋಗುತ್ತದೆ. ಕ್ಲಿಯರ್ ಆಗಿ ಬರಲಿ ಅಂತ ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಚೀಟಿ ಸಮೇತ ಹೋಗುತ್ತದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿಬಿಟ್ಟರೆ ಆ ತಲೆನೋವಿಲ್ಲ.

"ನನ್ನ ಅಕೌಂಟ್ ಪ್ರೈವೇಟೇ ಇದೆ"

ಇದು ಎಲ್ಲಾ ಮಕ್ಕಳ ಉತ್ತರ. ಪ್ರೈವೇಟ್ ಇರುವುದು ಒಳ್ಳೆಯದೇ. ಆದರೆ ಫಾಲೋವರ್ ಆರುನೂರು ಜನ ಇದ್ದರೆ ಅದು ಪ್ರೈವೇಟ್ ಅಲ್ಲ, ಕಲ್ಯಾಣ ಮಂಟಪ. ಆಮಂತ್ರಣ ಕೊಟ್ಟವರೇ ಬಂದಿದ್ದಾರೆ, ನಿಜ. ಆದರೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಯಾರು ಎಂದು ಎಷ್ಟು ಜನಕ್ಕೆ ಗೊತ್ತಿರುತ್ತದೆ?

ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ ಎಂಬ ಮಾತು ವಾಟ್ಸಾಪ್ ಚಾಟ್‌ನ ಮೇಲ್ಭಾಗದಲ್ಲಿ ನೋಡಿರುತ್ತೀರಿ. 2016ರಿಂದ ಅಲ್ಲಿ ನಾವು ನಾವು ಕಳಿಸಿಕೊಳ್ಳುವ ಮೆಸೇಜ್‌ಗೆಲ್ಲಾ ಇದು ಇದೆ. ಅರಗಿನ ಮುದ್ರೆ ಹಾಕಿದ ಲಕೋಟೆ ಅಂದುಕೊಳ್ಳಿ. ದಾರಿಯಲ್ಲಿ ಯಾರೂ ಒಡೆದು ಓದಲಾಗದು, ಕಂಪನಿಯವರೂ ಸೇರಿ. ಆದರೆ ಲಕೋಟೆ ತಲುಪಿದ ಮೇಲೆ ಪತ್ರ ಯಾರ ಕೈಯಲ್ಲಿದೆಯೋ ಅವರದ್ದೇ ರಾಜ್ಯ. ಅವರು ಅದನ್ನು ಹತ್ತು ಜನರಿಗೆ ಓದಿ ಹೇಳಬಹುದು. ಸ್ಕ್ರೀನ್‌ಶಾಟ್ ಅಂದರೆ ಅದೇ. ಒಂದೇ ಸಲ ನೋಡಬಹುದಾದ ವ್ಯೂ ಒನ್ಸ್ ಫೋಟೋಗೆ ಸ್ಕ್ರೀನ್‌ಶಾಟ್ ತಡೆ ಇದೆ. ಆದರೆ ಪಕ್ಕದಲ್ಲಿ ಇನ್ನೊಂದು ಫೋನ್ ಹಿಡಿದು ಫೋಟೋ ತೆಗೆಯುವುದನ್ನು ಯಾವ ಆ್ಯಪ್ ತಡೆಯುತ್ತದೆ? ಸ್ಟೇಟಸ್ 24 ಗಂಟೆಗೆ ಮಾಯವಾಗುತ್ತದೆ, ನಮ್ಮ ಫೋನಿನಿಂದ. ಅಷ್ಟರಲ್ಲಿ ಇಳಿಸಿಕೊಂಡವರ ಫೋನಿನಿಂದ ಅಲ್ಲ.

ಇನ್ನೊಂದು ವಿಷಯ ಮಕ್ಕಳ ತಲೆಗೆ ಹೋಗುವುದು ತಡ. ನಮ್ಮ ಬಾಗಿಲು ಹಾಕಿದರೂ ಗೆಳೆಯನ ಬಾಗಿಲಿನಿಂದ ನಾವು ಹೊರಗೆ ಹೋಗಬಹುದು. ಒಂದು ಕ್ವಿಜ್ ಆ್ಯಪ್ ಮೂಲಕ ಫೇಸ್‌ಬುಕ್ ಬಳಕೆದಾರರ ಮಾಹಿತಿ ಚುನಾವಣಾ ಪ್ರಚಾರಕ್ಕೆ ಸಲಹೆ ಕೊಡುವ ಕೇಂಬ್ರಿಡ್ಜ್ ಅನಲಿಟಿಕಾ ಎಂಬ ಕಂಪನಿಗೆ ಹೋಗಿತ್ತು. 2018ರಲ್ಲಿ ಆ ಹಗರಣ ಹೊರಬಂದಾಗ ಫೇಸ್‌ಬುಕ್ ಒಂದು ಲೆಕ್ಕ ಕೊಟ್ಟಿತು. ಆ ಕ್ವಿಜ್ ಆ್ಯಪ್ ಹಾಕಿಕೊಂಡಿದ್ದ ಭಾರತೀಯರು ಬರೀ 335 ಜನ. ಮಾಹಿತಿ ಹೋಗಿರಬಹುದಾದ ಭಾರತೀಯರು 5,62,455. ಉಳಿದವರೆಲ್ಲಾ ಏನೂ ಒತ್ತಿರಲಿಲ್ಲ, ಏನೂ ಒಪ್ಪಿರಲಿಲ್ಲ. ಆ್ಯಪ್ ಹಾಕಿಕೊಂಡವರ ಫ್ರೆಂಡ್ ಲಿಸ್ಟ್‌ನಲ್ಲಿ ಇದ್ದರು, ಅಷ್ಟೇ. ಈ ಎರಡು ಸಂಖ್ಯೆಯನ್ನು ಹತ್ತನೇ ಕ್ಲಾಸಿನ ಮಗುವಿಗೆ ಕೊಟ್ಟು ಭಾಗಾಕಾರ ಮಾಡಿಸಿ. ಒಬ್ಬನಿಗೆ ಸಾವಿರದ ಆರುನೂರಕ್ಕೂ ಜಾಸ್ತಿ ಜನ. ನೀವು ಬುದ್ಧಿ ಹೇಳುವುದಕ್ಕಿಂತ ಆ ಉತ್ತರ ಬೇಗ ಕೆಲಸ ಮಾಡುತ್ತದೆ. ಆ ದಾರಿಯನ್ನು ಫೇಸ್‌ಬುಕ್ ಹಗರಣ ಹೊರಬರುವ ಮೊದಲೇ, 2015ರ ಹೊತ್ತಿಗೆ, ಮುಚ್ಚಿತ್ತು. ಆದರೆ "ಕಾಂಟ್ಯಾಕ್ಟ್ ನೋಡಲು ಅನುಮತಿ ಕೊಡಿ" ಎಂದು ಕೇಳುವ ಟಾರ್ಚ್ ಆ್ಯಪ್‌ಗಳು ಇಂದಿಗೂ ಇವೆ. ಟಾರ್ಚಿಗೆ ನಮ್ಮ ಅತ್ತೆಯ ನಂಬರ್ ಯಾಕೆ?

ಪುಕ್ಕಟೆ ಆ್ಯಪ್‌ಗೆ ದುಡ್ಡು ಎಲ್ಲಿಂದ?

ಜಾಹೀರಾತಿನಿಂದ. ಬೀದಿ ಕೊನೆಯ ಕಿರಾಣಿ ಅಂಗಡಿಯವರಿಗೆ ನಿಮ್ಮ ಮನೆಗೆ ಯಾವ ಟೀ ಪುಡಿ ಬೇಕು ಎಂದು ಗೊತ್ತು. ಅದು ಅವರ ಉದ್ರಿ ಪುಸ್ತಕದಲ್ಲಿದೆ. ಆ್ಯಪ್ ಕೂಡ ಅಂಥದ್ದೇ ಪುಸ್ತಕ ಬರೆಯುತ್ತದೆ. ವ್ಯತ್ಯಾಸ ಏನೆಂದರೆ, ನೀವು ಕೊಂಡದ್ದನ್ನು ಮಾತ್ರವಲ್ಲ, ಎದುರು ನಿಂತು ನೋಡಿ ಮುಂದೆ ಹೋದದ್ದನ್ನೂ ಬರೆಯುತ್ತದೆ. ಲೈಕ್ ಒತ್ತದಿದ್ದರೂ ಒಂದು ರೀಲ್ ಮೇಲೆ ಎಷ್ಟು ಸೆಕೆಂಡ್ ನಿಂತಿರಿ ಎನ್ನುವುದೂ ಲೆಕ್ಕವೇ. ಮೊಡವೆಯ ವಿಡಿಯೋ ಎರಡು ಸಲ ನೋಡಿದ ಹುಡುಗಿಗೆ ಮೂರನೇ ದಿನ ಮುಖದ ಕ್ರೀಮಿನ ಜಾಹೀರಾತು ಬರುವುದು ಹೀಗೆ. ಬೇಡದ ರೀಲ್ ಬಂದರೆ ಬೇಗ ದಾಟಿಬಿಡು ಎಂದು ಮಕ್ಕಳಿಗೆ ಹೇಳಿ. ಅದೂ ಆ ಪುಸ್ತಕದಲ್ಲಿ ಬರೆಸುವ ಒಂದು ರೀತಿ.

ಬೆದರಿಕೆ ಬಂದಾಗ

ಇದು ಬರೆಯಲು ಕಷ್ಟದ ಭಾಗ. ಆದರೂ ಸ್ವಲ್ಪ ನಿಧಾನವಾಗಿ ನೋಡಬೇಕು.

ಸಾಮಾನ್ಯವಾಗಿ ಶುರುವಾಗುವುದು ಒಂದು ಫಾಲೋ ರಿಕ್ವೆಸ್ಟ್‌ನಿಂದ. ತೆಗೆದು ನೋಡಿದರೆ ನಾಲ್ಕು ಜನ ಮ್ಯೂಚುವಲ್ ಫ್ರೆಂಡ್ಸ್. ಆ ನಾಲ್ಕೂ ಜನ ಇದೇ ಲೆಕ್ಕ ಹಾಕಿ ಒಪ್ಪಿಕೊಂಡವರು. ನಂತರ ಹೊಗಳಿಕೆ, ದಿನಾ ಗುಡ್ ಮಾರ್ನಿಂಗ್, ಮನೆಯ ಕಷ್ಟಸುಖ. ಆಮೇಲೆ "ಬೇರೆ ಆ್ಯಪ್‌ಗೆ ಬಾ, ಇಲ್ಲಿ ಸರಿ ಇಲ್ಲ." ಆಮೇಲೆ ಒಂದು ಖಾಸಗಿ ಫೋಟೋ ಕೇಳುತ್ತಾರೆ, ಇಲ್ಲವೇ ವಿಡಿಯೋ ಕಾಲ್ ಮಾಡಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಅದು ಸಿಕ್ಕ ತಕ್ಷಣ ದನಿ ಬದಲಾಗುತ್ತದೆ. "ದುಡ್ಡು ಹಾಕು, ಇಲ್ಲಾಂದ್ರೆ ನಿನ್ನ ಫಾಲೋವರ್‌ಗಳಿಗೆಲ್ಲಾ ಕಳಿಸ್ತೀನಿ." ಇದು ಹೆಣ್ಣುಮಕ್ಕಳಿಗೆ ಮಾತ್ರ ಆಗುತ್ತದೆ ಎಂದು ತಿಳಿಯಬೇಡಿ. ಹುಡುಗರನ್ನೂ ಹೀಗೇ ಹಿಡಿಯುತ್ತಾರೆ, ಮತ್ತು ಹುಡುಗರು ಹೇಳಿಕೊಳ್ಳುವುದು ಇನ್ನೂ ಕಡಿಮೆ. ಏನೂ ಕಳಿಸದ ಮಗುವಿಗೂ ಇದು ಬರಬಹುದು. ಡಿಪಿಯಲ್ಲಿರುವ ಮುಖವನ್ನೇ ತೆಗೆದು ಎಐ ಆ್ಯಪ್‌ನಲ್ಲಿ ಸುಳ್ಳು ಚಿತ್ರ ಮಾಡುವವರಿದ್ದಾರೆ.

ಈ ದಂಧೆ ನಡೆಯುವುದು ಫೋಟೋದ ಬಲದಿಂದಲ್ಲ. "ಅಪ್ಪನಿಗೆ ಗೊತ್ತಾದರೆ ಕೊಂದೇ ಹಾಕ್ತಾರೆ" ಎಂಬ ಭಯದ ಬಲದಿಂದ. ಬೆದರಿಸುವವನು ಮಗುವಿನ ಮನೆಯನ್ನೇ ಆಯುಧ ಮಾಡಿಕೊಂಡಿರುತ್ತಾನೆ. ಹಾಗಾಗಿ "ಇಂಥದ್ದು ಏನಾದರೂ ಆದರೆ ಬೈಯಲ್ಲ, ಫೋನ್ ಕಿತ್ತುಕೊಳ್ಳಲ್ಲ, ಮೊದಲು ನನಗೆ ಹೇಳು" ಎಂದು ಏನೂ ಆಗದಿರುವ ದಿನವೇ ಹೇಳಿಟ್ಟಿರಬೇಕು. ಆದ ಮೇಲೆ ಹೇಳಿದರೆ ಮಗು ನಂಬುವುದಿಲ್ಲ.

ಆಗಿಬಿಟ್ಟರೆ? ದುಡ್ಡು ಕೊಡಬೇಡಿ. ಒಮ್ಮೆ ಕೊಟ್ಟರೆ ನಾಳೆ ಮತ್ತೆ ಕೇಳುತ್ತಾರೆ. ಗಾಬರಿಯಲ್ಲಿ ಚಾಟ್ ಅಳಿಸಬೇಡಿ. ಬೆದರಿಕೆಯ ಮೆಸೇಜ್, ಆ ಅಕೌಂಟಿನ ಯೂಸರ್‌ನೇಮ್, ಪ್ರೊಫೈಲ್ ಲಿಂಕ್, ದುಡ್ಡು ಕೇಳಿದ ಯುಪಿಐ ಐಡಿ, ಇವೆಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಆಮೇಲೆ ರಿಪೋರ್ಟ್ ಮಾಡಿ ಬ್ಲಾಕ್ ಮಾಡಿ. ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಆ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಜಾಸ್ತಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಮಕ್ಕಳ ಅಶ್ಲೀಲ ಚಿತ್ರಗಳ ಬಗ್ಗೆ ಅಲ್ಲಿ ಹೆಸರು ಹೇಳದೆಯೂ ತಿಳಿಸಲು ಜಾಗ ಇದೆ. ನಮ್ಮ ಜಿಲ್ಲೆಗಳಲ್ಲಿ ಸೈಬರ್ ಅಪರಾಧದ ದೂರು ನೋಡುವ ಸೆನ್ (ಸಿಇಎನ್) ಪೊಲೀಸ್ ಠಾಣೆಗಳಿವೆ. ಮಗುವೇ ನೇರವಾಗಿ ಮಾತಾಡಬೇಕು ಅಂದರೆ 1098, ಮಕ್ಕಳ ಸಹಾಯವಾಣಿ.

ಒಂದು ಎಚ್ಚರಿಕೆ. "ನೋಡಿ ಹೀಗಾಗಿದೆ" ಎಂದು ಆ ಫೋಟೋವನ್ನೇ ನೆಂಟರಿಗೆ, ಶಾಲೆಯ ಗ್ರೂಪಿಗೆ ಕಳಿಸಬೇಡಿ. 18 ತುಂಬದವರ ಇಂಥ ಚಿತ್ರವನ್ನು ಹಂಚುವುದು ಐಟಿ ಕಾಯ್ದೆಯ 67ಬಿ ಕಲಂ ಪ್ರಕಾರ ಅಪರಾಧ. ಮೊದಲ ಸಲವೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ ಆಗಬಹುದು. ಒಳ್ಳೆಯ ಉದ್ದೇಶ ಇದ್ದರೂ ಚಿತ್ರ ಹರಡುವುದು ಹರಡುವುದೇ.

ಫೋಟೋ ಹರಡದಂತೆ ತಡೆಯಲು ಒಂದು ಉಪಾಯ ಇದೆ, ಅದರ ಬಗ್ಗೆ ಗೊತ್ತಿರುವವರು ಕಡಿಮೆ. ಕಾಣೆಯಾದ ಮತ್ತು ಶೋಷಣೆಗೆ ಒಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಒಂದು ಸಂಸ್ಥೆ 2023ರಲ್ಲಿ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆ ಶುರು ಮಾಡಿತು. 18ಕ್ಕಿಂತ ಕೆಳಗಿದ್ದಾಗ ತೆಗೆದ ಚಿತ್ರಗಳಿಗೆ ಇದು. ದೊಡ್ಡವರಿಗೆ ಸ್ಟಾಪ್ ಎನ್‌ಸಿಐಐ ಎಂಬ ಇಂಥದ್ದೇ ಸೇವೆ 2021ರಿಂದ ಇದೆ. ಫೋಟೋವನ್ನು ಯಾರಿಗೂ ಕಳಿಸಬೇಕಿಲ್ಲ. ನಮ್ಮ ಫೋನಿನಲ್ಲೇ ಆ ಫೋಟೋದ ಒಂದು ಬೆರಳಚ್ಚು ತಯಾರಾಗುತ್ತದೆ, ಅಂದರೆ ಅಂಕಿ ಅಕ್ಷರಗಳ ಒಂದು ಉದ್ದ ಸಾಲು. ಅದಷ್ಟೇ ಅವರಿಗೆ ಹೋಗುತ್ತದೆ. ಬೆರಳಚ್ಚಿನಿಂದ ಮುಖ ಬಿಡಿಸಲು ಆಗದ ಹಾಗೆ, ಆ ಸಾಲಿನಿಂದ ಫೋಟೋ ಮಾಡಲು ಆಗದು. ಆದರೆ ಅದೇ ಫೋಟೋವನ್ನು ಯಾರಾದರೂ ಹಾಕಿದರೆ ಬೆರಳಚ್ಚು ಹೊಂದುತ್ತದೆ, ಜಾಲತಾಣಕ್ಕೆ ಗೊತ್ತಾಗುತ್ತದೆ. ಇತಿಮಿತಿ ಇದೆ. ಈ ಸೇವೆಗೆ ಸೇರಿಕೊಂಡ ಕಂಪನಿಗಳಲ್ಲಿ ಮಾತ್ರ ನಡೆಯುತ್ತದೆ. ವಾಟ್ಸಾಪ್ ಚಾಟ್‌ನಂಥ ಮುದ್ರೆ ಹಾಕಿದ ಲಕೋಟೆಯ ಒಳಗೆ ಹೋಗುವ ಫೋಟೋ ಇದಕ್ಕೆ ಕಾಣದು. ಫೋಟೋ ಕತ್ತರಿಸಿ ಬದಲಾಯಿಸಿದರೆ ಬೆರಳಚ್ಚೂ ಬದಲಾಗಬಹುದು. ಆದರೂ ಕೈಕಟ್ಟಿ ಕೂರುವುದಕ್ಕಿಂತ ಎಷ್ಟೋ ಮೇಲು.

13, 16, 18: ಯಾವ ವಯಸ್ಸು?

ಜಾಲತಾಣಗಳು 13 ತುಂಬಿರಬೇಕು ಅನ್ನುತ್ತವೆ. ಈ 13 ಮಕ್ಕಳ ಮನಸ್ಸು ಓದಿ ಕಂಡುಹಿಡಿದ ಸಂಖ್ಯೆ ಅಲ್ಲ. 13ಕ್ಕಿಂತ ಚಿಕ್ಕವರ ಮಾಹಿತಿ ತೆಗೆದುಕೊಳ್ಳಲು ಅಪ್ಪ ಅಮ್ಮನ ಒಪ್ಪಿಗೆ ಬೇಕು ಎಂದು ಅಮೆರಿಕ 1998ರಲ್ಲಿ ಕಾನೂನು ಮಾಡಿತು. ಆ ಕಂಪನಿಗಳ ಜೊತೆ ಅಲ್ಲಿನ ಲೆಕ್ಕವೂ ನಮ್ಮಲ್ಲಿಗೆ ಬಂತು.

ನಮ್ಮ 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಮಗು ಅಂದರೆ 18 ತುಂಬದವರು. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು, ಅದೂ ಪರಿಶೀಲಿಸಬಹುದಾದ ಒಪ್ಪಿಗೆ. ಮಕ್ಕಳ ನಡವಳಿಕೆಯನ್ನು ಹಿಂಬಾಲಿಸುವಂತಿಲ್ಲ, ಅವರಿಗೇ ಗುರಿ ಇಟ್ಟು ಜಾಹೀರಾತು ತೋರಿಸುವಂತಿಲ್ಲ. ಮೇಲೆ ಹೇಳಿದ ಉದ್ರಿ ಪುಸ್ತಕ ಮಕ್ಕಳ ಹೆಸರಿನಲ್ಲಿ ಬರೆಯಬೇಡಿ ಎಂದ ಹಾಗೆ. ಶಾಲೆ, ಆಸ್ಪತ್ರೆಯಂಥ ಕೆಲವಕ್ಕೆ ವಿನಾಯಿತಿ ಇದೆ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಈ ಭಾಗಕ್ಕೆ ತಯಾರಾಗಲು ಕಂಪನಿಗಳಿಗೆ 18 ತಿಂಗಳ ಸಮಯ ಕೊಟ್ಟಿದ್ದಾರೆ.

ಕಾನೂನಿಗಿಂತ ಹತ್ತಿರದ ಒಂದು ವಿಷಯ ಇದೆ. ಅಕೌಂಟ್ ತೆರೆಯುವಾಗ ಮಕ್ಕಳು ಹಾಕುವ ಸುಳ್ಳು ಜನ್ಮದಿನ. ಎಷ್ಟೋ ಸಲ ಅದನ್ನು ಹಾಕಿಕೊಟ್ಟವರು ನಾವೇ. ಇನ್‌ಸ್ಟಾಗ್ರಾಂ 2025ರ ಫೆಬ್ರವರಿಯಲ್ಲಿ ಭಾರತಕ್ಕೂ ಟೀನ್ ಅಕೌಂಟ್ ತಂದಿತು. ಅದರಲ್ಲಿ ಅಕೌಂಟ್ ತಾನಾಗಿಯೇ ಪ್ರೈವೇಟ್ ಆಗಿರುತ್ತದೆ. ಗುರುತಿಲ್ಲದವರು ಮೆಸೇಜ್ ಮಾಡಲಾಗದು. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಸದ್ದು ಮಾಡುವುದಿಲ್ಲ. 16 ತುಂಬದವರು ಇವನ್ನು ಸಡಿಲ ಮಾಡಬೇಕಾದರೆ ಅಪ್ಪ ಅಮ್ಮ ಒಪ್ಪಬೇಕು. ಆದರೆ ಹದಿನಾಲ್ಕರ ಹುಡುಗ 1998ರಲ್ಲಿ ಹುಟ್ಟಿದೆ ಎಂದು ಬರೆದಿದ್ದರೆ? ಆ್ಯಪಿನ ಲೆಕ್ಕದಲ್ಲಿ ಅವನು ಎರಡು ಮಕ್ಕಳ ತಂದೆ ಇರಬಹುದಾದ ವಯಸ್ಸಿನವನು. ಆ ರಕ್ಷಣೆ ಒಂದೂ ಅವನಿಗೆ ಸಿಗದೆ ಹೋಗಬಹುದು. ಇವತ್ತು ಒಂದೇ ಒಂದು ಕೆಲಸ ಮಾಡುವುದಾದರೆ, ಮಗುವಿನ ಅಕೌಂಟ್‌ನಲ್ಲಿ ಇರುವ ಹುಟ್ಟಿದ ವರ್ಷ ನೋಡಿ.

ಹೇಳಿಕೊಡುವಾಗ

ಭಾಷಣ ಬೇಡ. ಪಕ್ಕ ಕೂತು ಮಗುವಿನ ಕೈಯಲ್ಲೇ ಫೋನ್ ಬಿಟ್ಟು, "ನಂಗೆ ಇದು ಗೊತ್ತಾಗಲ್ಲ, ನೀನೇ ತೋರಿಸು" ಅನ್ನಿ. ವಾಟ್ಸಾಪ್ ಪ್ರೈವೆಸಿಯಲ್ಲಿ ಡಿಪಿ ಯಾರಿಗೆ ಕಾಣುತ್ತಿದೆ, ಗ್ರೂಪಿಗೆ ಯಾರು ಬೇಕಾದರೂ ಸೇರಿಸಬಹುದಾ, ಹೊಸ ಫೋನಿನಲ್ಲಿ ವಾಟ್ಸಾಪ್ ತೆರೆಯುವಾಗ ಪಿನ್ ಕೇಳುವ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಇದೆಯಾ. ಹತ್ತು ನಿಮಿಷದ ಕೆಲಸ. ಕದ್ದು ಮಗುವಿನ ಚಾಟ್ ಓದುವುದನ್ನು ನಾನು ಒಪ್ಪುವುದಿಲ್ಲ. ಖಾಸಗಿತನದ ಪಾಠ ಹೇಳುವವರೇ ಬಾಗಿಲು ಮುರಿದರೆ ಪಾಠ ಅಲ್ಲಿಗೇ ಮುಗಿಯಿತು. ತೀರಾ ಚಿಕ್ಕ ಮಕ್ಕಳಾದರೆ ನೋಡಬೇಕಾಗುತ್ತದೆ, ಆದರೆ ನೋಡುತ್ತೇನೆ ಎಂದು ಹೇಳಿಯೇ ನೋಡಿ.

ಅಕ್ಕನ ಮನೆಯಲ್ಲಿ ಆ ದಿನ ಹಾಗೇ ಕೂತೆವು. ಅವಳು ಸ್ಟೇಟಸ್ ತೆಗೆದು, ಹೆಸರು ನಂಬರ್ ಎಲ್ಲಾ ಕತ್ತರಿಸಿ, ಅಂಕದ ಭಾಗ ಮಾತ್ರ ಮತ್ತೆ ಹಾಕಿದಳು. ಗಣಿತದ್ದು ಮಾತ್ರ ಬೆರಳಿಂದ ಮುಚ್ಚಿಕೊಂಡಿದ್ದಳು, ಅದು ಅವಳ ಇಷ್ಟ. ಆಮೇಲೆ ಅಮ್ಮನ ಕಡೆ ತಿರುಗಿದಳು. "ಅಮ್ಮಾ, ನಾನು ಎಲ್‌ಕೆಜಿಲಿ ಕೃಷ್ಣನ ವೇಷ ಹಾಕಿ ಅಳ್ತಾ ಇರೋ ಫೋಟೋ ನಿನ್ನ ಫೇಸ್‌ಬುಕ್‌ನಲ್ಲಿ ಇನ್ನೂ ಇದೆ. ಸ್ಕೂಲ್ ಹೆಸರೂ ಹಾಕಿದ್ದೀಯ. ಪಬ್ಲಿಕ್ ಇದೆ. ನನ್ನ ಕೇಳಿದ್ಯಾ?"

ಅಕ್ಕ ನನ್ನ ಮುಖ ನೋಡಿದಳು. ನಾನು ಫ್ಯಾನ್ ನೋಡಿದೆ. ಕೊನೆಗೆ ಅವಳು ಎದ್ದು ಕನ್ನಡಕ ತಂದು, ಫೋನ್ ಮಗಳ ಕೈಗೆ ಕೊಟ್ಟು, "ಎಲ್ಲಿ ಒತ್ತಬೇಕು ತೋರಿಸು" ಅಂದಳು.